ಹುಣಸೆ ಬೀಜದ ಪೋಕರ್

ಹುಡುಗ ಸುಳ್ಳು ಆಡುತ್ತಿದ್ದಾನೆಂದು ವಕೀಲ ಪ್ರಲ್ಹಾದರಾಯರಿಗೆ ಎರಡನೆಯ ಆಟಕ್ಕೇ ಗೊತ್ತಾಯಿತು.

ಎದುರಿಗೆ ಕೂತ ಬಾಳಕೃಷ್ಣ ಮುಷ್ಟಿ ತುಂಬ ಹುಣಸೆ ಬೀಜ ಎತ್ತಿ ಚಾಪೆಯ ನಡುವೆ ಸುರಿದಿದ್ದ. ಅಷ್ಟು ಸದ್ದು ಮಾಡಿ ಪಣ ಕಟ್ಟುವವನ ಕೈಯಲ್ಲಿ ಗೆಲ್ಲುವ ಇಸ್ಪೀಟು ಎಲೆ ಇರುವುದಿಲ್ಲ. ನಿಜವಾಗಿ ಒಳ್ಳೆಯ ಎಲೆ ಬಂದವನು ನಿಟ್ಟುಸಿರು ಬಿಟ್ಟು, ಒಲ್ಲದ ಮನಸ್ಸಿನಿಂದೆಂಬಂತೆ ನಾಲ್ಕು ಬೀಜ ಮುಂದೆ ತಳ್ಳುತ್ತಾನೆ. ರಾಯರು ಪಣ ಏರಿಸಿದರು. ಹುಡುಗ ಎಲೆ ತೋರಿಸಿದ. ಬರೀ ಕಸ.

ಪೋಕರ್ ಆಟವನ್ನು ರಾಯರು ದಂಡಿನ ಕ್ಯಾಂಪಿನ ಬಿಳಿಯ ಕಕ್ಷಿದಾರನೊಬ್ಬನಿಂದ ಕಲಿತಿದ್ದರು. ಕೈಯಲ್ಲಿ ಐದೆಲೆ, ಏನಿದೆ ಎನ್ನುವುದಕ್ಕಿಂತ ಏನಿದೆಯೆಂದು ಎದುರಿನವನನ್ನು ನಂಬಿಸುವುದೇ ಮುಖ್ಯ. ದುಡ್ಡಿಟ್ಟು ಆಡುವುದು ಅವರಿಗೆ ಸೇರದು. ಮನುಷ್ಯನನ್ನು ಅಳೆಯುವುದಕ್ಕೆ ಹುಣಸೆ ಬೀಜ ಸಾಕು ಎನ್ನುತ್ತಿದ್ದರು. ಸದಾಶಿವ ಪೇಠದ ಅವರ ವಾಡೆಯ ಪಡಸಾಲೆಯಲ್ಲಿ ಅಳತೆಗೆ ಸಿಕ್ಕವರು ಬಹಳ ಮಂದಿ.

ಇವತ್ತಿನ ಅಳತೆ ಮಾತ್ರ ಬೇರೆ. ಬೆಳಿಗ್ಗೆ ಮಗಳು ಕುಸುಮ, 'ಅಪ್ಪಾ, ಸಂಜಿಗೆ ನಮ್ಮ ಭಾಮಾ ಟೀಚರ ತಮ್ಮ ಬರ್ತಾರ. ಮದಿವಿ ಮಾತು ಅದ. ಹೊಸ ಕೋಟು ಹಾಕ್ಕೊ, ಮೀಸಿ ಸರಿ ಮಾಡ್ಕೊ' ಎಂದಿದ್ದಳು. ತಾನು ಮಾತ್ರ ದಿನದ ಹಳೆಯ ಸೀರೆಯಲ್ಲೇ ಇದ್ದಳು. ಕಾಲೇಜು ಸೇರಿದ ಹುಡುಗಿ, ಸಿಂಗಾರ ಮಾಡಿಕೊಂಡು ಗೊಂಬೆಯ ಹಾಗೆ ಕೂರಲು ಮನಸ್ಸಿಲ್ಲ ಎಂದುಕೊಂಡು ರಾಯರು ಸುಮ್ಮನಾದರು.

ಬಾಳಕೃಷ್ಣ ನೀರಾವರಿ ಖಾತೆಯ ಓವರ್ಸಿಯರ್. ಬಂದು ಕೂತವನೇ, 'ನಿಮಗ ಇಸ್ಪೀಟು ಭಾಳ ಸೇರ್ತದಂತಲ್ರಿ. ಒಂದೆರಡು ಆಟ ಆಡೋಣೇನ್ರಿ?' ಎಂದು ಕೇಳಿದ್ದ. ಮಾವನಾಗುವವನನ್ನು ಒಲಿಸಿಕೊಳ್ಳುವ ಜಾಣತನ. ರಾಯರಿಗೆ ಒಳಗೊಳಗೇ ನಗು.

ಆದರೆ ಆಟದಲ್ಲಿ ಅವನು ತೀರಾ ಕಚ್ಚಾ. ಎಂಥ ಎಲೆ ಬಂದರೂ ಬಿಡಲಾರ. ಪ್ರತಿ ಆಟಕ್ಕೂ ಬೀಜ ಹಾಕುತ್ತಿದ್ದ. ಒಳ್ಳೆಯ ಎಲೆ ಸಿಕ್ಕರೆ ಕಣ್ಣು ತಟ್ಟನೆ ಬೀಜದ ರಾಶಿಯ ಮೇಲೆ ಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪು, ತನ್ನ ಎಲೆ ನೋಡುವುದಕ್ಕಿಂತ ರಾಯರ ಮುಖವನ್ನೇ ಹೆಚ್ಚು ನೋಡುತ್ತಿದ್ದ. ಅಂಜಿಕೊಂಡವನ ಲಕ್ಷಣ.

'ಕುಸುಮ ಅವರ ತಾಯಿ ತೀರಿಕೊಂಡು ಭಾಳ ದಿನ ಆತೇನ್ರಿ?' ಎಂದು ಕೇಳಿದ.

'ಎಂಟು ವರ್ಷ ಆತು.'

'ಒಬ್ರೇ ಇರೋದು ಬ್ಯಾಸರ ಆಗೂದಿಲ್ಲೇನ್ರಿ?'

ಮನೆಯಳಿಯನಾಗುವ ಯೋಚನೆಯೇನಾದರೂ ಇದೆಯೇ ಎಂದು ರಾಯರಿಗೆ ಗುಮಾನಿ ಬಂತು. ಅವರೇ ಮಾತು ತಿರುಗಿಸಿದರು. 'ನಿಮ್ಮ ಮನ್ಯಾಗ ಯಾರ್‍ಯಾರು ಇರ್ತೀರಿ?'

'ನಾನು, ಭಾಮಕ್ಕ, ಇಬ್ರೇ. ಅಕ್ಕನೇ ನನ್ನ ಸಾಕಿದಾಕಿ. ಭಾವ ಇಸ್ಪೀಟಿನ್ಯಾಗ ಎಲ್ಲಾ ಕಳದಾ. ಸೋತು ಬಂದ ದಿನ ಮನ್ಯಾಗ ತಾಟು, ತಂಬಿಗಿ ಹಾರ್ತಿದ್ದವು. ಆಂವ ತೀರಿಕೊಂಡ ಮ್ಯಾಲೆ ಅಕ್ಕ ಕಲತು ಟೀಚರ್ ಆದಳು.'

ರಾಯರಿಗೆ ಭಾಮಾಬಾಯಿ ಗೊತ್ತು. ಕುಸುಮ ಶಾಲೆಯಲ್ಲಿದ್ದಾಗ ಅವಳ ಅಭ್ಯಾಸ ವಿಚಾರಿಸಲು ಹೋಗಿ ಮಾತಾಡಿಸಿದ್ದುಂಟು. ಕುಸುಮ ಶಾಲೆ ಬಿಟ್ಟ ಮೇಲೂ ಒಂದೆರಡು ಸಲ ಹೋದದ್ದುಂಟು. 'ಆರಾಮ ಇದ್ದಾರೇನು ಅವರು?' ಎಂದು ಕೇಳುತ್ತ ಎರಡೆಲೆ ಬದಲಿಸುವಲ್ಲಿ ಮೂರು ಎತ್ತಿಕೊಂಡುಬಿಟ್ಟರು. ಬಾಳಕೃಷ್ಣ ಅದನ್ನು ನೋಡಿದ. 'ಆರಾಮ ಇದ್ದಾಳ್ರಿ' ಎಂದ.

ಕೊನೆಯ ಆಟಕ್ಕೆ ಕುಸುಮ ಉಪ್ಪಿಟ್ಟಿನ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ರಾಯರ ಕೈಯಲ್ಲಿ ಮೂರು ರಾಜ. ಬಾಳಕೃಷ್ಣ ಉಳಿದ ಬೀಜವನ್ನೆಲ್ಲ ಧಡಕ್ಕನೆ ನಡುವೆ ಸುರಿದ. ಅದೇ ಸದ್ದು, ಅದೇ ಸುಳ್ಳು. 'ಎಲಿ ತೋರಸ್ರಿ' ಎಂದು ಒಂದು ಮಾತು ಆಡಿದ್ದರೆ ಹುಡುಗ ಪೂರ್ತಿ ಬರಿಗೈ ಆಗುತ್ತಿದ್ದ, ಅದೂ ಮಗಳ ಎದುರಿಗೆ. ರಾಯರು ಎಲೆಗಳನ್ನು ಬೋರಲು ಹಾಕಿದರು. 'ಸೋತೆನಪಾ. ನೀವೇ ಗೆದ್ರಿ.'

ಬಾಳಕೃಷ್ಣ ಕೈ ಚಾಚಿ ಅವರ ಎಲೆಗಳನ್ನು ಒಂದೊಂದಾಗಿ ತಿರುವಿ ಹಾಕಿದ. ಆಟದಲ್ಲಿ ಹಾಗೆ ಮಾಡಬಾರದು, ರಾಯರು ತಡೆಯಲಿಲ್ಲ. ಮೂರು ರಾಜರನ್ನೂ ಅವನು ಬಹಳ ಹೊತ್ತು ನೋಡಿದ. ಆಮೇಲೆ ಅವನ ಮುಖ ಬೇರೆಯೇ ಆಯಿತು. ಅಂಜಿಕೆ ಎಲ್ಲಿಯೋ ಹೋಗಿತ್ತು.

'ಗೆಲ್ಲೋ ಎಲಿ ಇಟ್ಕೊಂಡು ಸೋತ್ರಲ್ರಿ.'

'ಬೀಜ ಏನು, ನಾಳೆ ಹುಣಸಿ ಒಡದ್ರ ಮತ್ತ ಬರ್ತಾವ' ಎಂದರು ರಾಯರು. ಅಳತೆ ಮುಗಿದಿತ್ತು. ಸುಳ್ಳು ಮುಚ್ಚಿಡಲು ಬಾರದ ಹುಡುಗ; ಸೋತರೆ ಸಿಟ್ಟಿಲ್ಲ, ಗೆದ್ದರೆ ಮೆರೆಯುವುದಿಲ್ಲ. ಮಗಳ ಕಡೆ ತಿರುಗಿ ಗತ್ತಿನಿಂದ ಹೇಳಿದರು: 'ಕುಸುಮಾ, ನನಗ ಒಪ್ಪಿಗಿ.'

ಕುಸುಮ ಬಾಳಕೃಷ್ಣನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ. 'ನನಗೂ ಪೂರಾ ಒಪ್ಪಿಗಿ ಅದರಿ. ನಾಳೆ ಅಕ್ಕನ್ನ ಕರಕೊಂಡು ಬರ್ತೀನಿ.'

'ಬರ್ಲಿ, ಬರ್ಲಿ. ಹಿರೇರು ಕೂತು ಮುಹೂರ್ತ ಮಾತಾಡೋಣ' ಎಂದರು ರಾಯರು. 'ಅವರಿಗೂ ಕುಸುಮ ಒಪ್ಪಿಗಿ ಆಗಬೇಕಲ್ಲ.'

ಕುಸುಮ ತಾಟನ್ನು ಅಪ್ಪನ ಮುಂದಿಟ್ಟು, ಅವರ ಹೊಸ ಕೋಟಿನ ಕಾಲರು ಸರಿಮಾಡಿದಳು.

'ಅಪ್ಪಾ, ಅವರು ನನ್ನ ನೋಡಲಿಕ್ಕೆ ಬಂದಿಲ್ಲ. ಭಾಮಾ ಟೀಚರ್‌ಗೆ ವರ ನೋಡಲಿಕ್ಕೆ ಬಂದಾರ.'