ತುಪ್ಪ ಹಚ್ಚಿದ ಪಿಸ್ತೂಲು

ಕಮಟು ತುಪ್ಪದ ವಾಸನೆ ಬಡಿದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದ ಹೊಸತು. ಒಂದು ಮಧ್ಯಾಹ್ನ ನಮ್ಮ ಸ್ಟೋವ್ ರಿಪೇರಿಗೆ ಹುಸೇನಜ್ಜ ಬಂದಿದ್ದ. ಮೊದಲು ಅರಮನೆಯ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದವನು. ಅಪ್ಪ ಟ್ರಂಕಿನಿಂದ ಉದ್ದ ನಳಿಗೆಯ, ಗುರಿ ಹೊಡೆಯುವ ಪಿಸ್ತೂಲು ತಂದು ಅವನ ಮುಂದಿಟ್ಟರು.

“ನಮ್ಮ ಮುತ್ತಜ್ಜಂದು. ಇಲ್ಲಿ ಹದಿನೆಂಟನೂರ ನಲವತ್ತೊಂದು ಅಂತ ಇಸ್ವಿ ಅದ. ನಮ್ಮಣ್ಣ ತಂದುಕೊಟ್ಟಾಗ ತೋರಿಸ್ಯಾನ.”

“ಅದು ನಂಬರ್ರೀ ರಾಯರ. ಇಸ್ವಿ ಹಿಡಿಕಿ ಒಳಗ ಇರತೈತಿ.”

ಅಜ್ಜ ತಿರುಪು ಬಿಚ್ಚಿ ಮರದ ಹಿಡಿಕೆ ತೆಗೆದ. ಒಳಗೆ ಹಳದಿ ಜಿಡ್ಡು, ಅದರಲ್ಲಿ ಅಂಟಿದ ಸತ್ತ ಇರುವೆಗಳು. ಗಬ್ಬೆಂದು ನಾರಿತು.

“ಥೂ, ಎಣ್ಣಿ ಬದಲಿ ತುಪ್ಪ ಹಚ್ಯಾರ!” ಎಂದು ಉಗುರಿನಿಂದ ಕೆರೆದ.

ಅಲ್ಲಿ ಒತ್ತಿದ್ದುದು ನಾನು ಹುಟ್ಟಿದ ಇಸವಿ. ಪಕ್ಕದಲ್ಲೇ ಗೀರಿದ ಸಣ್ಣ ಚಂದ್ರ. ಅಜ್ಜನ ಕೈ ನಿಂತಿತು.

“ಈ ಚಂದ್ರ ಗುರುತಿಗಂತ ನಾನ ಗೀರಿದ್ದರೀ. ಅರಮನಿ ಸಾಮಾನು ಪಟ್ಟಿ ಮಾಡುವಾಗ ಇದೊಂದು ಸಿಗಲಿಲ್ಲ. ಕಳ್ಳ ಅಂತ ನನ್ನ ಹೊರಗ ಹಾಕಿದ್ರು.”

ಆ ಪಟ್ಟಿ ಬರೆದ ಕಾರಕೂನ ನಮ್ಮ ದೊಡ್ಡಪ್ಪ. ಅವ್ವ ಚಹಾ ತಂದಳು.

“ಬ್ಯಾಡವ್ವಾ,” ಎಂದ ಅಜ್ಜ ಬೂದಿ ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆದು, ಸ್ಟೋವನ್ನು ಹಾಗೇ ಬಿಟ್ಟು ಹೋದ.

ಸಂಜೆ ದೊಡ್ಡಪ್ಪ ಮಹಾಲಿಂಗಪುರದಿಂದ ಬಂದು ಊಟಕ್ಕೆ ಕೂತ; ನಾನು ಬಡಿಸುತ್ತಿದ್ದೆ. ಅಷ್ಟರಲ್ಲಿ ಅಪ್ಪ ಪಿಸ್ತೂಲನ್ನು ಮತ್ತೆ ಟ್ರಂಕಿಗೆ ಸೇರಿಸಿದ್ದರು. ನನ್ನ ಮುಖ ನೋಡದೆಯೇ ಹೇಳಿದರು:

“ದೊಡ್ಡಪ್ಪಗ ಇನ್ನೊಂಚೂರು ತುಪ್ಪ ಹಾಕವ್ವಾ.”

ಹಾಕಿದೆ.