ಎರಡು ಸಾಲು ಸಡಿಲ

“ಇದೂ ಆಗಲ್ಲಮ್ಮ,” ಎಂದರು ಮ್ಯೂಸಿಯಂ ಅಧಿಕಾರಿ, ಭೂತಗನ್ನಡಿ ಕೆಳಗಿಟ್ಟು, ಕಡ್ಡಿ ತುಂಡು ಮಾಡಿದ ಹಾಗೆ.

ಇನ್ನೂರು ವರ್ಷದ ಹಿಂದಿನ ಉಣ್ಣೆಯ ಕೈಗವಸು. ಹೆಬ್ಬೆರಳಿಗೊಂದು ಗೂಡು, ಉಳಿದ ನಾಲ್ಕಕ್ಕೂ ಸೇರಿ ಇನ್ನೊಂದು. ಮುಟ್ಟಿದರೆ ಉದುರುವ ಸ್ಥಿತಿಯಲ್ಲಿದ್ದುದರಿಂದ ಪ್ರದರ್ಶನಕ್ಕೆ ಅದರದೇ ಪಡಿಯಚ್ಚು ಬೇಕಿತ್ತು. ಹೆಣೆದೂ ಹೆಣೆದೂ ಕಡ್ಡಿಯಮ್ಮ ಎಂದೇ ಹೆಸರಾದವಳು ನೂಲನ್ನೂ ಕೈಯಲ್ಲೇ ತೆಗೆದು, ಒಂದೊಂದಕ್ಕೆ ಹದಿನೈದು ದಿನ ಕೂತು, ಮೂರು ಹೆಣೆದಿದ್ದಳು. ಮೂರೂ ವಾಪಸ್.

“ಹಳೇದ್ರಲ್ಲಿ ಐದಾರು ಸಾಲು ಬಿಗಿ, ಆಮೇಲೆ ಎರಡು ಸಾಲು ಸಡಿಲ. ನಿಮ್ಮದು ಕೊನೇವರೆಗೂ ಒಂದೇ ಸಮ ಇದೆ.”

“ಚೆನ್ನಾಗಿ ಹೆಣೆದಿದ್ದೇ ತಪ್ಪಾಯ್ತಾ? ಹಳೇದನ್ನ ಹೆಣೆದವಳಿಗೆ ಕೆಲಸದ ಮೇಲೆ ಗಮನ ಇಲ್ಲ, ಅದಕ್ಕೆ ನಾನೇನು ಮಾಡ್ಲಿ?”

“ಇನ್ನು ಮೂರು ವಾರ ಇದೆ. ಆಗಲ್ಲ ಅಂದ್ರೆ ಹೇಳ್ಬಿಡಿ, ಮೆಷಿನ್ನಲ್ಲಿ ಮಾಡಿಸ್ತೀವಿ.”

ಮೆಷಿನ್ ಎಂಬ ಮಾತು ಕಡ್ಡಿಯಮ್ಮನಿಗೆ ಚುಚ್ಚಿತು. ಮನೆಗೆ ಬಂದು ಬೇಕೆಂದೇ ಸಡಿಲ ಬಿಟ್ಟು ಹೆಣೆದಳು. ಆ ಸಡಿಲವೂ ಅಳತೆ ಹಿಡಿದ ಹಾಗೆ ಒಂದೇ ಸಮ ಬಂತು. ನಲವತ್ತು ವರ್ಷ ಪಳಗಿದ ಕೈಗೆ ತಪ್ಪು ಮಾಡುವುದೇ ಮರೆತುಹೋಗಿತ್ತು. ಬಿಚ್ಚಿದಳು, ಹೆಣೆದಳು, ಮತ್ತೆ ಬಿಚ್ಚಿದಳು. ಅಳುವೇ ಬಂತು.

ಮರುದಿನ ಮಧ್ಯಾಹ್ನ ಮಗಳು ಬಂದು ಐದು ತಿಂಗಳ ಕೂಸನ್ನು ಅವಳ ಮಡಿಲಿಗೆ ಹಾಕಿದಳು. “ಅಮ್ಮ, ಹಲ್ಲಿನ ಡಾಕ್ಟರ್ ಹತ್ರ ಹೋಗಿ ಬರ್ತೀನಿ. ಕೆಳಗಿಳಿಸಿದ್ರೆ ಮನೆ ಕಿತ್ತುಹೋಗೋ ಹಾಗೆ ಅಳ್ತಾನೆ ನೋಡು.”

ಕಡ್ಡಿಯಮ್ಮ ಗೊಣಗುತ್ತಲೇ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಡ್ಡಿ ಹಿಡಿದಳು. ಐದಾರು ಸಾಲು ಮುಗಿಯುವಷ್ಟರಲ್ಲಿ ಅವನು ರಾಗ ತೆಗೆಯುತ್ತಿದ್ದ. ಕಾಲು ಕುಣಿಸುತ್ತ, “ಅಳಬೇಡ ಬಂಗಾರ” ಎನ್ನುತ್ತ ಹೆಣೆದರೆ, ಎರಡು ಸಾಲಿಗೆ ಸುಮ್ಮನಾಗುತ್ತಿದ್ದ. ಮತ್ತೆ ಐದಾರು ಸಾಲು, ಮತ್ತೆ ರಾಗ.

ಮಗಳು ಬಂದು ಕೂಸನ್ನು ಎತ್ತಿಕೊಂಡಾಗ ಅಂಗೈಯಗಲ ಹೆಣಿಗೆಯಾಗಿತ್ತು. ಕಡ್ಡಿಯಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು: ಐದಾರು ಸಾಲು ಬಿಗಿ, ಎರಡು ಸಾಲು ಸಡಿಲ. ಗಮನ ಇಲ್ಲ ಎಂದು ಜರಿದದ್ದಕ್ಕೆ ನಾಚಿಕೆಯಾಯಿತು.

“ನಾಳೆಯಿಂದ ಇವನನ್ನ ದಿನಾ ಬಿಟ್ಟು ಹೋಗೇ,” ಎಂದಳು.

ಮೂರು ವಾರದ ಮೇಲೆ ಅಧಿಕಾರಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಭೂತಗನ್ನಡಿ ಹಿಡಿದು ನೋಡಿ, ತಲೆದೂಗಿದರು. ಆಮೇಲೆ ಗಾಜಿನ ಪೆಟ್ಟಿಗೆಗೆ ಅಂಟಿಸುವ ಚೀಟಿ ಬರೆಯಲು ಕೂತರು: ‘ಮೂಲ ಹೆಣೆದವರು: ಏನೂ ತಿಳಿದಿಲ್ಲ.’

ಕಡ್ಡಿಯಮ್ಮ ಚೀಟಿಗೆ ಕೈ ಅಡ್ಡ ಇಟ್ಟಳು.

“ಏನೂ ತಿಳಿದಿಲ್ಲ ಅಂತ ಬರೀಬೇಡಿ ಸಾರ್. ತೊಡೆ ಮೇಲೆ ಮಗು ಇತ್ತು ಅಂತ ಬರೀರಿ.”