ಮಗ್ಗದ ಸದ್ದಿನಲ್ಲಿ ಕಾರ್ಟೂನು

ಮಗಳು ಫೋನಿನಲ್ಲಿ ಹಳೆಯ ಜಪಾನಿ ಕಾರ್ಟೂನೊಂದನ್ನು ಹಚ್ಚಿ, "ಅವ್ವಾ, ಇದು ನಿಮ್ಮ ಕಾಲದ್ದಲಾ?" ಎಂದಾಗಲೆಲ್ಲ ನನಗೆ ಮಗ್ಗದ ಎಣ್ಣೆಯ ವಾಸನೆ ಬರುತ್ತದೆ.

ನಾನು ಚಿಕ್ಕವಳಿದ್ದಾಗ ಬನಹಟ್ಟಿಯ ನಮ್ಮ ಮನೆಯಲ್ಲಿ ಟಿವಿ ಇದ್ದ ಕೋಣೆಯ ಪಕ್ಕದಲ್ಲೇ ಪವರ್‌ಲೂಮು. ಅದರ ಸದ್ದಿನಲ್ಲಿ, ಹಿಂದಿಗೆ ಡಬ್ ಮಾಡಿದ ಈ ಕಾರ್ಟೂನಿನ ಮಾತು ಒಂದೂ ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಜ್ಜಿ ಟಿವಿಯತ್ತ ನೋಡಿ, "ಏನಂತಾನ ಆ ಹುಡುಗ?" ಎಂದು ಕೂಗಿ ಕೇಳಿದಳು.

ನಾನೂ ಕೂಗಿಯೇ ಹೇಳಿದೆ: "ರಾಕ್ಷಸನ್ನ ಕೆಡವೂತನಕಾ ಉಣ್ಣಂಗಿಲ್ಲ ಅಂತಾನ!" ಕಥೆಯೆಲ್ಲ ನನ್ನದೇ.

ಅಷ್ಟರಲ್ಲಿ ಕರೆಂಟು ಹೋಗಿ ಟಿವಿ, ಮಗ್ಗ ಎರಡೂ ನಿಂತವು. ಅಪ್ಪ ಹತ್ತಿಯ ಎಳೆ ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದು ಕುಳಿತ.

"ನೀ ಯಾಕ ನಿಂತಿ? ಮುಂದ ಹೇಳು."

ಹೇಳುತ್ತ ಹೋದೆ. ರಾಕ್ಷಸ ಇನ್ನೂ ಬಿದ್ದಿರಲಿಲ್ಲ, ಕರೆಂಟು ಬಂತು. ಟಿವಿ ತಾನಾಗಿಯೇ ಹತ್ತಿತು.

ಅಪ್ಪ ಮಗ್ಗದ ಕಡೆ ಹೋಗದೆ ಟಿವಿ ಬಂದ್ ಮಾಡಿದ. "ಅದರ ಕಥಿ ಬ್ಯಾಡ. ನಿನ್ನ ಕಥಿ ಹೇಳವಾ."